ಎಡಗಲ್ಲದ ಹನ್ನೆರಡು ವಾರ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಎಪ್ಪತ್ತೆರಡು ಫೋಟೊಗಳಿವೆ. ಎಪ್ಪತ್ತೆರಡರಲ್ಲೂ ಇರುವುದು ನನ್ನ ಬಲಗಲ್ಲ ಮಾತ್ರ. ಫೋಟೊ ತೆಗೆದ ಅಲ್ಲಾಬಕ್ಷ ಮೊದಮೊದಲು, “ಅಕ್ಕಾರ, ಸ್ವಲ್ಪ ಈ ಕಡಿ ನೋಡ್ರಿ” ಅನ್ನುತ್ತಿದ್ದ. ಅಕ್ಷತೆಯ ಹೊತ್ತಿಗೆ ಅವನೂ ಸೋತು ಸುಮ್ಮನಾದ.

ಎಡಗಲ್ಲದಲ್ಲಿ ಒಂದು ಗುಳಿ ಇತ್ತು. ನಕ್ಕಾಗ ಬೀಳುವ ಗುಳಿಯಲ್ಲ. ಒಂಬತ್ತು ವರ್ಷದವಳಿದ್ದಾಗ ಹಲ್ಲಿನ ಬೇರಿಗೆ ಕೀವು ತುಂಬಿ ಗಲ್ಲ ಬಾತಿತ್ತು. ಊರಿನ ಹಿರಿಯರೊಬ್ಬರು ಕುಡುಗೋಲಿನ ತುದಿ ಕಾಯಿಸಿ ಬರೆ ಹಾಕಿದರು. ಬಾವು ಇಳಿಯಿತು. ಇಳಿಯುವಾಗ ಒಳಗಿನದನ್ನೂ ಕರೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಅಲ್ಲೊಂದು ಲಿಂಬೆಹಣ್ಣಿನ ಹೋಳು ಕೂರುವಷ್ಟು ತಗ್ಗು. ಶಹಾಪುರದ ಕಚೇರಿಯೊಂದರಲ್ಲಿ ನಾನು ಟಪಾಲು ಗುಮಾಸ್ತೆ. ಅಲ್ಲಿ ನನ್ನ ಕುರ್ಚಿಯ ಎಡಕ್ಕೆ ಗೋಡೆ ಬರುವಂತೆ ಹಾಕಿಸಿಕೊಂಡಿದ್ದೇನೆ. ಗಾಳಿ ಬರುವ ಜಾಗ ಬಿಟ್ಟು ಈಕೆ ಮೂಲೆಗೇಕೆ ಕೂತಳೆಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಕಾರಣ ಅವರಿಗೆ ಗೊತ್ತಿತ್ತು ಎಂಬುದು ನನಗೂ ಗೊತ್ತಿತ್ತು.

ಯಾದಗಿರಿಗೆ ತಿಂಗಳಿಗೆ ಎರಡು ಶನಿವಾರ ಹೈದರಾಬಾದಿನಿಂದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರುತ್ತಾರೆಂದು ತಿಳಿದಾಗ, ಹೋಗಲೋ ಬೇಡವೋ ಎಂದು ನಾಲ್ಕು ತಿಂಗಳು ಯೋಚಿಸಿದೆ. ಆಮೇಲೆ ಗಂಡನನ್ನು ಕರೆದುಕೊಂಡು ಹೋದೆ. ನನ್ನ ಗಂಡ ಬುದ್ಧಪ್ರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸುತ್ತಲಿನ ಮೂರು ತಾಲೂಕುಗಳಲ್ಲಿ ಯಾವ ಸಮಾರಂಭವಾದರೂ ‘ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ’ ಎಂದು ಮುಕ್ಕಾಲು ಗಂಟೆ ಮಾತಾಡುತ್ತಾರೆ. ಪ್ರಶ್ನೆಗಳಿಗೆ ಸಮಯ ಉಳಿಯುವುದಿಲ್ಲ.

ಡಾಕ್ಟರ್ ಲಕ್ಷ್ಮಿಕಾಂತ ಚಿಕ್ಕ ವಯಸ್ಸಿನವರು, ಗುರುಮಠಕಲ್ ಕಡೆಯವರು. ನನ್ನ ಗಲ್ಲವನ್ನು ಬೆರಳಿನಿಂದ ಒತ್ತಿ ನೋಡಿ ಸಂತೋಷಪಟ್ಟರು.

“ಹೊಟ್ಟೀದು ಒಂದಿಷ್ಟು ಕೊಬ್ಬು ತಗದು, ತೊಳದು, ಇಲ್ಲಿ ಹಾಕೋದ್ರಿ. ನಿಮ್ದ ಕೊಬ್ಬು, ನಿಮ್ದ ಗಲ್ಲ. ತಕರಾರಿಲ್ಲ.”

“ಹಾಕಿದ್ದು ಉಳೀತದೇನ್ರಿ?”

“ಅರ್ಧ ಉಳೀತದ, ಅರ್ಧ ಕರಗತದ. ಹೊಸ ಜಾಗಾದಾಗ ರಕ್ತ ಸಿಗೋತನಕ ಅದು ಉಪವಾಸ ಇರಬೇಕಲ್ರಿ. ತಾಳಿಕೊಂಡಷ್ಟು ಬದುಕ್ತದ. ಹನ್ನೆರಡು ವಾರಕ್ಕ ಎಷ್ಟು ಉಳದಿರತದೋ ಅಷ್ಟ ನಿಮ್ದು.”

ಆಮೇಲೆ ಅವರು ನನ್ನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು. ಸೊಂಟ, ತೊಡೆ. ಕೀಲಿಕೈ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವವರ ಹಾಗಿತ್ತು ಅವರ ಮುಖ.

“ಮೇಡಂ, ನಿಮ್ಮ ಹತ್ರ ಕೊಬ್ಬ ಇಲ್ಲಲ್ರಿ.”

“ನಂದು ತಗೋರಿ ಸರ್,” ಎಂದು ನನ್ನ ಗಂಡ ಹೊಟ್ಟೆ ಸವರಿಕೊಂಡರು.

“ಬ್ಯಾರೇದವ್ರದು ನಡಿಯಂಗಿಲ್ಲ. ಹೆಂಗೋ ಒಂದು ಸಲಕ್ಕ ಆಗ್ತದ. ಕರಗಿತಂದ್ರ ಎರಡನೇ ಸಲಕ್ಕ ಏನೂ ಇಲ್ಲ.”

ಮನೆಯಲ್ಲಿರುವ ಮೂವರಲ್ಲಿ ಇಬ್ಬರಿಗೆ, ಗಂಡನಿಗೂ ಅತ್ತೆಗೂ, ಬೇಡವಾದಷ್ಟು ಇದ್ದು, ಬೇಕಾದವಳಿಗೆ ಒಂದೇ ಸಲಕ್ಕಾಗುವಷ್ಟು. ನನಗೆ ಎದೆ ಹೊಡೆದುಕೊಂಡಿತು. ಅದು ಡಾಕ್ಟರಿಗೆ ಕೇಳಿಸಿತೇನೋ, ಒಂದು ಉಪಾಯವಿದೆ ಎಂದರು. ಒಂದು ಗುಳಿಗೆ. ರಕ್ತನಾಳ ಅಗಲ ಮಾಡುತ್ತದೆ, ಹೊಸ ನಾಳ ಚಿಗುರುವುದಕ್ಕೂ ಒತ್ತಾಸೆಯಾಗುತ್ತದೆ, ಕೊಬ್ಬು ಹೆಚ್ಚು ಉಳಿಯಬಹುದು. ಉಳಿಯುತ್ತದೆ ಎನ್ನಲಿಲ್ಲ, ಉಳಿಯಬಹುದು ಎಂದರು. ನಾನು ಅದನ್ನು ಗಮನಿಸಿದೆ.

“ಯಾರ‍್ಯಾರಿಗೆ ಕೊಟ್ಟಾರ್ರಿ ಇದನ್ನ?”

“ಇಲಿಗೆ ಕೊಟ್ಟಾರ. ಚಲೋ ಬಂದದ.”

“ಮನುಷ್ಯಾರಿಗೆ?”

“ಈ ಕೆಲಸಕ್ಕ ನಾ ಕೊಡೋದು ನಿಮಗ ಮೊದಲು. ಆದ್ರ ಗುಳಿಗಿ ಹಳೇದ ಮೇಡಂ, ಅಂಜಬ್ಯಾಡ್ರಿ. ಎಷ್ಟೋ ಮಂದಿ ಗಂಡಸರು ತಗೋತಾರ.” ಗಂಡಸರು ಎನ್ನುವಾಗ ನನ್ನ ಗಂಡನ ಕಡೆ ನೋಡಿ, ದನಿ ಇಳಿಸಿ, ಅದು ಯಾವ ಗುಳಿಗೆಯೆಂದು ಹೇಳಿದರು. ನನ್ನ ಗಂಡ ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಆಸಕ್ತಿಯಿಂದ ನೋಡತೊಡಗಿದರು.

ನನ್ನ ಬಿಪಿ, ಹೃದಯ, ರಕ್ತ ಎಲ್ಲ ಪರೀಕ್ಷೆಯಾಯಿತು. ರಕ್ತ ಕಡಿಮೆ ಇದೆ, ಮಿಕ್ಕಿದ್ದು ಪರವಾಗಿಲ್ಲ. ದಿನಕ್ಕೊಂದರಂತೆ ಹತ್ತು ವಾರ, ಎಪ್ಪತ್ತು ಗುಳಿಗೆ. ನುಂಗಿದ ದಿನ, ಹೊತ್ತು, ಆದ ತೊಂದರೆ ಬರೆಯಲು ಒಂದು ನೋಟ್‌ಬುಕ್ಕನ್ನೂ ಕೊಟ್ಟರು. ಒಪ್ಪಿಗೆ ಪತ್ರದ ಮೂರು ಪುಟಗಳನ್ನು ಎರಡು ಸಲ ಓದಿ ಸಹಿ ಮಾಡಿದೆ. ‘ಪ್ರಯೋಜನವಾಗುತ್ತದೆ’ ಎಂದಿದ್ದ ಕಡೆ ‘ಪ್ರಯೋಜನವಾಗಬಹುದು’ ಎಂದು ನಾನೇ ತಿದ್ದಿಕೊಟ್ಟೆ.

ಗುಳಿಗೆ ಕೊಳ್ಳುವುದು ಎಲ್ಲಿ? ಶಹಾಪುರದ ಅಂಗಡಿಗಳವರಿಗೆಲ್ಲ ನನ್ನ ಗುರುತಿದೆ. ಯಾದಗಿರಿಯಲ್ಲಿ ನಮ್ಮ ಇಲಾಖೆಯವರು ಓಣಿಗೊಬ್ಬರಿದ್ದಾರೆ. ಆಪರೇಷನ್ನಿಗೆ ಮೊದಲಿನ ಭಾನುವಾರ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಅಲ್ಲಿಯೂ ಬಸ್‌ನಿಲ್ದಾಣದ ಎದುರಿನ ಅಂಗಡಿ ಬಿಟ್ಟು, ಏರು ಓಣಿಯಲ್ಲಿ ಗಿರಾಕಿಗಳಿಲ್ಲದ ಒಂದು ಅಂಗಡಿ ಹುಡುಕಿದೆ. ಅಂಗಡಿಯವನು ಚೀಟಿ ಓದಿದ. ನನ್ನನ್ನು ನೋಡಿದ. ಮತ್ತೆ ಚೀಟಿ ಓದಿದ.

“ವೈನಿ, ನೀವು ಬುದ್ಧಪ್ರಿಯ ಸರ್ ಮನ್ಯಾವ್ರು ಅಲ್ಲೇನ್ರಿ? ನಾನು ಸಾಬಣ್ಣ. ಕೊಡೇಕಲ್ಲಿನಂವ. ಕರೆಮ್ಮತ್ತಿ ತವರುಮನಿ ಬಾಜೂ ಮನಿ ನಮ್ದು. ನಿಮ್ಮ ಮದ್ವ್ಯಾಗ ಸಾರು ಬಡಸಿದ್ದು ನಾನ.”

ಕರೆಮ್ಮ ನನ್ನ ಅತ್ತೆ.

“ಎಪ್ಪತ್ತು ಬೇಕೇನ್ರಿ?” ಎಂದ.

“ಚೀಟ್ಯಾಗ ಬರ‍್ದಾರಲ್ಲ.”

“ಬರ‍್ದಾರ್ರಿ. ಸರ್ ಆರಾಮ ಅದಾರಲ್ರಿ?”

“ಆರಾಮ ಅದಾರ.”

“ಆಗ್ತಾರ ತಗೋರಿ,” ಎಂದು ಸಾಬಣ್ಣ ಧೈರ್ಯ ಹೇಳಿದ. “ಯಾರ ಮುಂದೂ ಹೇಳಂಗಿಲ್ಲ ವೈನಿ ನಾನು.” ನಾನು ಕೇಳದೆಯೇ ಕೊಟ್ಟ ಮಾತು ಅದು. ಅಲ್ಲೇ ನನಗೆ ತಿಳಿಯಬೇಕಿತ್ತು.

ಮನೆಗೆ ಬಂದು ಗುಳಿಗೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ ಹಳೆಯ ವಿಟಮಿನ್ ಬಾಟಲಿಗೆ ಹಾಕಿದೆ. ದುಂಡಗಿನ, ನೀಲಿ ಬಣ್ಣದ ಸಾಧಾರಣ ಗುಳಿಗೆ. ಹೆಸರಿದ್ದ ಹಾಳೆಗಳನ್ನು ಒಲೆಗೆ ಹಾಕಿದೆ. ಇದಕ್ಕಿಂತ ಜಾಗ್ರತೆ ಯಾರಿಂದಲೂ ಸಾಧ್ಯವಿಲ್ಲ ಎಂದುಕೊಂಡೆ.

ಆಪರೇಷನ್ ಆಯಿತು. ಗಲ್ಲಕ್ಕೆ ಪಟ್ಟಿ, ಹೊಟ್ಟೆಗೆ ಪಟ್ಟಿ. ಆ ಕಡೆ ಮಗ್ಗುಲಾಗಿ ಮಲಗಬಾರದು, ಒತ್ತಬಾರದು, ಕಾವು ಕೊಡಬಾರದು. ಹಲ್ಲಿನ ಆಪರೇಷನ್ ಎಂದು ಕಚೇರಿಗೂ ಅತ್ತೆಗೂ ಹೇಳಿದ್ದೆ. ಕಚೇರಿ ನಂಬಿತು. ಅತ್ತೆ ನಾನು ಹೊಟ್ಟೆ ಹಿಡಿದುಕೊಂಡು ಏಳುವುದನ್ನು ಎರಡು ದಿನ ನೋಡಿದರು.

“ಹಲ್ಲು ಹೊಟ್ಟ್ಯಾಗ ಬಂದಿತ್ತೇನು ನಿನಗ?”

“ಗ್ಯಾಸ್ ಆಗ್ಯದ ಅತ್ತಿ.”

“ಗ್ಯಾಸಿಗಿ ಪಟ್ಟಿ ಕಟ್ಟತಾರ ಈಗ,” ಎಂದು ಅವರು ಒಳಗೆ ಹೋದರು. ಬರುವಾಗ ಬಟ್ಟೆಯಲ್ಲಿ ಬಿಸಿ ಉಪ್ಪಿನ ಗಂಟು ತಂದರು. “ಹಲ್ಲಿನ ಬಾವಿಗಿ ಉಪ್ಪಿನ ಕಾವು. ಬಾ, ಗಲ್ಲ ಇತ್ತ ತಾ.”

ಆ ಗಂಟಿನಿಂದ ಹಬೆ ಏಳುತ್ತಿತ್ತು. ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಉಪ್ಪು ತಣ್ಣಗಾಗಲು ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡಿ, ಅದಕ್ಕೆ ಹತ್ತು ನಿಮಿಷ ಸೇರಿಸಿ ಹೊರಗೆ ಬಂದೆ.

ಮೂರನೆಯ ದಿನ ಅವರು ಏನೂ ಕೇಳಲಿಲ್ಲ. ನಾಲ್ಕನೆಯ ದಿನವೂ ಕೇಳಲಿಲ್ಲ. ಅತ್ತೆ ಸುಮ್ಮನಿದ್ದಾರೆಂದರೆ ನನಗೆ ಹೆಚ್ಚು ಭಯ.

ಸುದ್ದಿ ಮೊದಲು ಮುಟ್ಟಿದ್ದು ನನ್ನ ಗಂಡನ ಸ್ಟಾಫ್ ರೂಮಿಗೆ. ಸುರಪುರದಿಂದ ಬಂದುಹೋಗುವ ಗಣಿತದ ಮೇಷ್ಟ್ರು ದೇವಿಂದ್ರಪ್ಪ ಚಹಾ ಕುಡಿಯುತ್ತ, “ಸರ್, ವಿಜ್ಞಾನ ಭಾಳ ಮುಂದುವರದದ ಬಿಡ್ರಿ. ಹಿಂದ ಇಂಥ ಸೌಲತ್ತು ಇರಲಿಲ್ಲ,” ಎಂದರಂತೆ. ಇನ್ನೊಬ್ಬರು, “ಪ್ರಶ್ನೆ ಮಾಡದ ಒಪ್ಪಬಾರದು, ಎಪ್ಪತ್ತು ಸಲ ಪರೀಕ್ಷೆ ಮಾಡಬೇಕು,” ಎಂದರಂತೆ.

ಗಂಡ ಮನೆಗೆ ಬಂದವರು ಚಪ್ಪಲಿ ಸಮೇತ ಒಳಗೆ ಬಂದರು. “ನೀನು ಒಂದು ಮಾತು ಎಲ್ಲರಿಗೂ ಹೇಳಬೇಕು ಪರಿಮಳಾ. ಗುಳಿಗಿ ನನ್ನವಲ್ಲ ಅಂತ.”

“ಮತ್ತ ಯಾರವು ಅಂತ ಹೇಳ್ಲಿ?”

“ನಿನ್ನವು ಅಂತ.”

“ಯಾಕ ಅಂತ ಕೇಳ್ತಾರ. ಆಗ ಗಲ್ಲ ತೋರಸಬೇಕಾಗ್ತದ. ನಾಳೆ ಅದು ಕರಗಿತಂದ್ರ? ಇಷ್ಟು ದಿನ ತಗ್ಗ ನೋಡಿದವ್ರು, ಅಷ್ಟು ಮಾಡಿಸಿದ್ರೂ ತುಂಬಲಿಲ್ಲ ಅಂತ ಮತ್ತ ನೋಡ್ತಾರ.”

ಅವರು ಯೋಚಿಸಿದರು. ಬಾಯಿಮಾತು ಬೇಡ, ಒಂದು ಸ್ಪಷ್ಟೀಕರಣ ಬರೆದುಕೊಡು, ಸ್ಟಾಫ್ ರೂಮಿನಲ್ಲಿ ಓದುತ್ತೇನೆ ಎಂದರು. ಟಪಾಲು ಬರೆಯುವ ಕೈ ತಾನೇ, ಬರೆದುಕೊಟ್ಟೆ: ‘ಸದರಿ ಗುಳಿಗೆಗಳನ್ನು ನನ್ನ ಪತ್ನಿಯು ವೈಯಕ್ತಿಕ ಕಾರಣಗಳಿಗಾಗಿ ಸೇವಿಸುತ್ತಿದ್ದು, ಅದಕ್ಕೂ ನನಗೂ ಯಾವುದೇ ಸಂಬಂಧವಿರುವುದಿಲ್ಲ.’ ಅವರು ಅದನ್ನು ಗಟ್ಟಿಯಾಗಿ ಓದಿದರು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿದರು. ನಾಲ್ಕು ಚೂರು ಮಾಡಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ಹತ್ತು ವಾರ ಆ ಸ್ಟಾಫ್ ರೂಮಿನಲ್ಲಿ ಕೂತು ಎದ್ದು ಬಂದರು. ಅದನ್ನು ನಾನು ಮರೆತಿಲ್ಲ, ಮುಂದೆ ಹೇಳುವುದಕ್ಕೆ ಅದು ಬೇಕಾಗುತ್ತದೆ.

ಎರಡನೆಯ ವಾರದಿಂದ ಅತ್ತೆ ಬದಲಾದರು. ಬೆಳಗಿನ ಚಹಾ ನಾನೇ ಮಾಡುತ್ತೇನೆ ಎಂದರು. ಒಣಕೊಬ್ಬರಿ, ಅಂಟು, ಉತ್ತತ್ತಿ, ತುಪ್ಪ ತರಿಸಿ ಬಾಣಂತಿಗೆ ಕಟ್ಟುವ ಅಂಟಿನುಂಡಿ ಕಟ್ಟಿದರು. ದಿನಕ್ಕೆರಡು ನನ್ನ ಮುಂದೆ ಕೂತು ತಿನ್ನಿಸಿದರು. ಬಾಣಂತಿಯಾಗದೆ ಆರು ವರ್ಷ ಆ ಮನೆಯಲ್ಲಿ ಬಾಳಿದ ನನಗೆ ಆ ಉಂಡಿ ಗಂಟಲಲ್ಲಿ ಇಳಿಯುವುದು ಕಷ್ಟವಾಗುತ್ತಿತ್ತು. ಆದರೂ ತಿಂದೆ. ಕೊಬ್ಬಿಗೆ ಕೊಬ್ಬು ಒತ್ತಾಸೆಯಾದೀತೆಂಬ ಆಸೆ. ಇದನ್ನು ಯಾವ ಇಲಿಯ ಮೇಲೂ ಪ್ರಯೋಗ ಮಾಡಿಲ್ಲವೆಂದು ಗೊತ್ತಿದ್ದೂ.

ನೋಟ್‌ಬುಕ್ಕಿನಲ್ಲಿ ದಿನವೂ ಬರೆದೆ. ‘ಬೆಳಿಗ್ಗೆ 7.10, ಒಂದು ಗುಳಿಗೆ.’ ಹನ್ನೊಂದನೆಯ ದಿನದಿಂದ ಒಂದು ತೊಂದರೆ ಶುರುವಾಯಿತು: ಬಾಯಿಯಲ್ಲಿ ತುಕ್ಕಿನ ರುಚಿ, ಮಲಬದ್ಧತೆ. ಅದನ್ನೂ ನಾಚಿಕೆ ಬಿಟ್ಟು ಬರೆದೆ.

ಅದೇ ಹೊತ್ತಿಗೆ ನನ್ನ ಗಂಡನ ಆರೋಗ್ಯ ಕೆಟ್ಟಿತು. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಮುಖ ಕೆಂಪೇರುತ್ತದೆ, ಮೂಗು ಕಟ್ಟುತ್ತದೆ, ತಲೆ ಸಿಡಿಯುತ್ತದೆ. ಕರಿಹಲಗೆಯ ಅಂಚು ನೀಲಿಯಾಗಿ ಕಾಣುತ್ತದೆ. ಬಿಪಿ ಎಂದು ತಾವೇ ತೀರ್ಮಾನಿಸಿ ಉಪ್ಪು ಬಿಟ್ಟರು, ಉಪ್ಪಿನಕಾಯಿ ಬಿಟ್ಟರು. ಮೂರು ಸಲ ಬಿಪಿ ನೋಡಿಸಿದರು. ಮೂರು ಸಲವೂ ಸ್ವಲ್ಪ ಕಡಿಮೆಯೇ ಇತ್ತು. ಸ್ಟಾಫ್ ರೂಮಿನವರ ಮಾತಿನಿಂದ ಮನಸ್ಸಿಗೆ ಹತ್ತಿ ಹೀಗಾಗಿರಬೇಕೆಂದು ನನಗೆ ಪಾಪಪ್ರಜ್ಞೆ. ಅವರಲ್ಲಿ ಬೇರೆ ಬದಲಾವಣೆಗಳೂ ಕಂಡವು. ಅವು ನೋಟ್‌ಬುಕ್ಕಿಗೆ ಸೇರಿದವಲ್ಲ, ಇಲ್ಲಿಗೂ ಸೇರಿದವಲ್ಲ.

ಒಂಬತ್ತನೆಯ ವಾರದ ಸೋಮವಾರ. ನನ್ನ ಗಂಡನ ಶಾಲೆಯಲ್ಲಿ ಪ್ರತಿ ಸೋಮವಾರ ಹುಡುಗಿಯರಿಗೆ ರಕ್ತ ಹೆಚ್ಚಿಸುವ ಕಬ್ಬಿಣದ ಗುಳಿಗೆ ಹಂಚುತ್ತಾರೆ. ಅದರ ಉಸ್ತುವಾರಿ ಇವರದು. ಶಾಲೆಯ ಕಪಾಟಿಗೆ ಇಲಿ ಹೊಕ್ಕಿವೆಯೆಂದು ಹೆಚ್ಚಿನ ಡಬ್ಬಿಯನ್ನು ನಮ್ಮ ಮನೆಯ ಅಲ್ಮಾರಿಯ ಮೇಲಿಟ್ಟಿದ್ದರು. ಅಂದು ಸ್ಟೂಲು ಹತ್ತಿ ಡಬ್ಬಿ ತೆಗೆದು ನೋಡಿದರು.

“ಕಡಿಮಿ ಆಗ್ಯಾವಲ್ಲ. ಇಲಿ ಮನೀಗೂ ಬಂದಾವ.”

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಇಲಿ ಅಲ್ಲ. ನಾನ ತಗೊಂಡೀನಿ,” ಎಂದರು ಅತ್ತೆ.

“ನೀ ಯಾಕ ತಗೊಂಡಿ ಎವ್ವಾ? ಅವು ಹುಡುಗ್ಯಾರಿಗಿ.”

“ನಿನ್ನ ಹೆಂಡತೀನೂ ಹುಡುಗೀನ. ಮುಖ ನೋಡು, ರಕ್ತ ಇಲ್ಲ. ಆಕೀ ಬಾಟ್ಲ್ಯಾಗ ಅವನ್ನ ಹಾಕೀನಿ.”

ಆ ದಿನದ ಗುಳಿಗೆಗೆಂದು ನಾನು ಹಿಡಿದಿದ್ದ ಬಾಟಲಿಯನ್ನು ನೋಡಿದೆ. ದುಂಡಗೆ, ನೀಲಿ. ಗಂಡನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದೆ. ದುಂಡಗೆ, ನೀಲಿ.

“ಬಾಟ್ಲ್ಯಾಗ ಇದ್ದವು ಎಲ್ಲಿ ಅತ್ತಿ?”

ಅತ್ತೆ ಹಿಟ್ಟಿನ ಕೈಯನ್ನು ಒರೆಸಿಕೊಂಡು ಸೊಂಟದ ಎಲೆ-ಅಡಿಕೆ ಸಂಚಿ ಬಿಚ್ಚಿದರು. ಸುಣ್ಣದ ಡಬ್ಬಿಯ ಪಕ್ಕ ಉಳಿದ ಹತ್ತು-ಹನ್ನೆರಡು ಗುಳಿಗೆಗಳಿದ್ದವು.

“ಸಾಬಣ್ಣ ಫೋನ್ ಮಾಡಿದ್ದ, ‘ಅತ್ತಿ, ಗುಳಿಗಿ ಹೆಂಗ ಕೆಲಸ ಮಾಡಾಕತ್ತಾವ’ ಅಂತ. ಯಾವ ಗುಳಿಗೀನೋ ಅಂದೆ. ಹೇಳಿದ. ನೋಡಿದ್ರ, ಗಂಡಸರ ಗುಳಿಗಿ ಈಕಿ ನುಂಗಾಕತ್ಯಾಳ. ಅಂವಗ ನುಂಗಾಕ ನಾಚಿಕಿ, ಈಕಿಗಿ ಹೇಳಾಕ ಅಂಜಿಕಿ. ಹಿಂಗಾದ್ರ ಮಕ್ಕಳು ಆಗೋದು ಯಾವಾಗ? ಅಂವನವು ಅಂವಗ ಚಾದಾಗ ಅರದು ಹಾಕೀನಿ, ದಿನಾ ಒಂದು. ಒಂದು ದಿನಾನೂ ತಪ್ಪಿಸಿಲ್ಲ.”

ನನ್ನ ಗಂಡ ಸ್ಟೂಲಿನ ಮೇಲೇ ಕೂತರು. ಬಿಟ್ಟುಬಿಟ್ಟಿದ್ದ ಉಪ್ಪಿನಕಾಯಿ ಅವರಿಗೆ ನೆನಪಾಗಿರಬೇಕು.

ನಾನು ಅಳಬಾರದೆಂದುಕೊಂಡೆ. ಅತ್ತರೆ ಗಲ್ಲ ಒರೆಸಬೇಕಾಗುತ್ತದೆ, ಒರೆಸಿದರೆ ಒತ್ತಬೇಕಾಗುತ್ತದೆ. ನಿಂತಲ್ಲೇ ಎಲ್ಲ ಹೇಳಿದೆ: ಕೊಬ್ಬು, ಗಲ್ಲ, ಒಂದೇ ಸಲ, ಎರಡನೆಯ ಸಲಕ್ಕಿಲ್ಲ, ಇಲಿ, ಗುಳಿಗೆ. ಅತ್ತೆ ಹತ್ತಿರ ಬಂದು ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಅವರ ಕೈಯ ಜೋಳದ ಹಿಟ್ಟು ನನ್ನ ಗದ್ದಕ್ಕೆ ಹತ್ತಿತು.

“ಇದರ ಸಲುವಾಗಿ ಹೊಟ್ಟಿ ಕೊಯ್ಸಿಕೊಂಡ್ಯಾ?”

“ಹೂನ್ರಿ.”

“ಕನ್ಯಾ ನೋಡಾಕ ಬಂದಾಗ ನೀ ಎಷ್ಟು ತಿರುವಿ ಕುಂತ್ರೂ ನಾ ನೋಡಿದ್ದೆ. ನಿಮ್ಮ ದೊಡ್ಡವ್ವ ಹೇಳಿದ್ಲು, ಬರಿ ಹಾಕುವಾಗ ಹುಡುಗಿ ಕಿಟ್ಟನ ಕಿರಚಲಿಲ್ಲ ಅಂತ. ಅಷ್ಟು ತಡಕೊಂಡಾಕಿ ನನ್ನ ಮಗನ ಭಾಷಣಾನೂ ತಡಕೋತಾಳ ಅಂತ ಒಪ್ಕೊಂಡೆ.”

ಅತ್ತೆ ಸಂಚಿ ಕಟ್ಟಿಕೊಂಡು ಒಲೆಯ ಮುಂದೆ ಹೋಗಿ ಕೂತರು. ಆಮೇಲಿನ ರೊಟ್ಟಿಗಳನ್ನು ಅವರು ಮೆಲ್ಲಗೆ ಬಡಿದರು. ಆ ಮನೆಯಲ್ಲಿ ಅಂದು ಪೆಟ್ಟು ತಿಂದದ್ದು ನನ್ನ ಆಸೆಯೊಂದೇ ಅಲ್ಲ, ಅವರದೂ. (ಓದುವವರು ಕಾಯುವುದು ಬೇಡ. ಮಕ್ಕಳ ವಿಷಯದಲ್ಲಿ ಆ ಗುಳಿಗೆಗಳಿಂದ ಏನೂ ಆಗಲಿಲ್ಲ.)

ಉಳಿದ ಮೂರು ವಾರ ನಾನು ಕನ್ನಡಿ ಬಿಟ್ಟು ಕದಲಲಿಲ್ಲ. ಬೆಳಿಗ್ಗೆ ತುಂಬಿದಂತೆ ಕಾಣುತ್ತಿತ್ತು, ಸಂಜೆ ಇಳಿದಂತೆ. ಔಷಧಿಯಿಲ್ಲದೆ ಉಪವಾಸ ಬಿದ್ದ ಕೊಬ್ಬು ಎಷ್ಟು ದಿನ ತಾಳೀತು? ಗಲ್ಲವನ್ನು ಮುಟ್ಟಲು ಭಯ. ಮುಟ್ಟದೆ ಇರಲೂ ಭಯ. ಹನ್ನೆರಡನೆಯ ವಾರದ ಶನಿವಾರ ಯಾದಗಿರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಗಾಳಿಗೂ ಕರಗೀತೆಂದು ಸೆರಗು ಮುಚ್ಚಿಕೊಂಡೆ.

ಡಾಕ್ಟರು ತಣ್ಣನೆಯ ಎಣ್ಣೆಯಂಥದನ್ನು ಹಚ್ಚಿ ಸ್ಕ್ಯಾನಿನ ಕಡ್ಡಿಯಿಂದ ಗಲ್ಲ ಅಳೆದರು. ಇನ್ನೊಂದು ಸಲ ಅಳೆದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ. ಮೂರನೆಯ ಸಲ ಅಳೆದು ಹಿಂದಕ್ಕೆ ಒರಗಿದರು.

“ನೂರಕ್ಕ ಎಪ್ಪತ್ತು ಉಳದದ ಮೇಡಂ.”

ಬಾಯಿ ತೆರೆದರೆ ಅದು ಅರವತ್ತಾದೀತು ಎನಿಸಿತು.

“ಗುಳಿಗಿ ಕೆಲಸ ಮಾಡ್ಯದ,” ಎಂದು ಅವರು ಕಂಪ್ಯೂಟರಿನ ಕಡೆ ತಿರುಗಿ ಟೈಪು ಮಾಡತೊಡಗಿದರು. ರಕ್ತದ ವರದಿ ನೋಡಿ ಹುಬ್ಬೇರಿಸಿದರು. “ಹಿಮೋಗ್ಲೋಬಿನ್ ಒಂಬತ್ತಿತ್ತು, ಈಗ ಹನ್ನೆರಡು. ಈ ಗುಳಿಗಿಗಿ ರಕ್ತ ಏರ್ತದ ಅಂತ ಯಾರೂ ಬರ‍್ದಿಲ್ಲ.” ನನ್ನ ನೋಟ್‌ಬುಕ್ಕು ತಿರುವಿದರು. “ಮಲಬದ್ಧತೆ. ಇದೂ ಹೊಸದು. ನಿಮ್ಮಷ್ಟು ನೀಟಾಗಿ ಬರಿಯೋರು ಸಿಗಂಗಿಲ್ಲ ಮೇಡಂ. ಮುಂದಿನ ತಿಂಗಳು ದೊಡ್ಡ ಮೀಟಿಂಗಿನ್ಯಾಗ ಇದನ್ನ ಹೇಳ್ತೀನಿ. ಹೊರಗ ಮಲ್ಲಿಕಮ್ಮ ಅಂತ ಕುಂತಾರ ನೋಡ್ರಿ, ಸ್ಟೋವ್ ಸಿಡದು ಕುತಗಿ ಸುಟ್ಟದ, ಅವರಿಗೂ ಇದನ್ನ ಶುರು ಮಾಡೋದು.”

ಅವರ ಬೆರಳುಗಳು ಓಡುತ್ತಿದ್ದವು. ನನ್ನ ಗಲ್ಲ ನನ್ನದಾಗಿತ್ತು, ಇನ್ನು ಯಾರೂ ವಾಪಸು ಕೇಳುವಂತಿರಲಿಲ್ಲ. ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಹೊರಗಿನ ಬೆಂಚಿನಲ್ಲಿ ಆ ಹೆಂಗಸು ಕತ್ತಿಗೆ ಸೆರಗು ಸುತ್ತಿಕೊಂಡು, ಗೋಡೆ ಇರುವ ಕಡೆ ನೋಡಿ ಕೂತದ್ದನ್ನು ಬರುವಾಗ ಕಂಡಿದ್ದೆ.

“ಡಾಕ್ಟ್ರೆ, ಅಷ್ಟು ಬರೀಬ್ಯಾಡ್ರಿ. ನಾ ನಿಮ್ಮ ಗುಳಿಗಿ ತಗೊಂಡಿದ್ದು ಹತ್ತ ದಿನ. ಆಮ್ಯಾಲ ತಗೊಂಡಿದ್ದು ಸಾಲಿ ಹುಡುಗ್ಯಾರಿಗಿ ಕೊಡೋ ಕಬ್ಬಿಣದ ಗುಳಿಗಿ. ಮನ್ಯಾಗ ಅದಲಬದಲ ಆಗಿದ್ವು, ನನಗ ಗೊತ್ತಿರಲಿಲ್ಲ.”

ಬೆರಳುಗಳು ನಿಂತವು. ಡಾಕ್ಟರು ರಕ್ತದ ವರದಿ ನೋಡಿದರು, ಮಲಬದ್ಧತೆ ನೋ‍ಡಿದರು, ಕೊನೆಗೆ ನನ್ನನ್ನು ನೋಡಿದರು.

“ಮತ್ತ ಎಪ್ಪತ್ತು ಹೆಂಗ ಉಳೀತು?”

“ನನಗೇನು ಗೊತ್ರಿ. ದಿನಕ್ಕೆರಡು ಅಂಟಿನುಂಡಿ ತಿಂದೀನಿ.”

ಅವರ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು. “ನಾ ಕೊಟ್ಟ ಗುಳಿಗಿ ಏನಾದ್ವು?”

ನನ್ನ ಗಂಡ ಗೋಡೆಯ ಕಿವಿಯ ಚಿತ್ರ ನೋಡುತ್ತಿದ್ದವರು ಗಂಟಲು ಸರಿಮಾಡಿಕೊಂಡರು. ಎಷ್ಟೋ ವೇದಿಕೆಗಳಲ್ಲಿ ಸತ್ಯದ ಬಗ್ಗೆ ಮಾತಾಡಿದ ಗಂಟಲು.

“ಇಲಿ ತಿಂದ್ವು ಸರ್,” ಎಂದರು.

“ಇಲಿ?” ಡಾಕ್ಟರ ಮುಖ ಮತ್ತೆ ಬೆಳಗಿತು. “ಎಷ್ಟು ತಿಂದ್ವು? ಏನರ ಫರಕ್ ಕಂಡ್ತೇನ್ರಿ?”

“ನಾವು ಅಷ್ಟು ನೋಡ್ಲಿಲ್ರಿ,” ಎಂದರು ನನ್ನ ಗಂಡ.

ನಾನು ತಿದ್ದಲಿಲ್ಲ. ನನ್ನ ಗಲ್ಲದ ಲೆಕ್ಕ ನಾನು ಹೇಳಿಯಾಗಿತ್ತು. ಹತ್ತು ವಾರ ಅವರು ಸ್ಟಾಫ್ ರೂಮಿನಲ್ಲಿ ಕೂತದ್ದಕ್ಕೆ ಇಷ್ಟು ಸಲ್ಲುತ್ತದೆ ಎನಿಸಿತು. ಪಕ್ಕದಲ್ಲಿ ಅವರ ಮುಖ ಕೆಂಪಗಾಗಿತ್ತು, ಅಂದು ಯಾವ ಗುಳಿಗೆಯೂ ಇಲ್ಲದೆ.

ಡಾಕ್ಟರು ಬರೆದಿದ್ದನ್ನು ಒಂದೊಂದೇ ಸಾಲು ಅಳಿಸಿದರು. ಎಪ್ಪತ್ತು ಎಂಬುದನ್ನು ಮಾತ್ರ ಉಳಿಸಿದರು. ಆಮೇಲೆ ಫೋಟೊ ತೆಗೆಯಬೇಕೆಂದು ನನ್ನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿದರು. ಎಡಕ್ಕೂ ಗೋಡೆಯಿರಲಿಲ್ಲ, ಬಲಕ್ಕೂ ಇರಲಿಲ್ಲ.

“ನೆಟ್ಟಗ ನೋಡ್ರಿ ಮೇಡಂ. ನಗಬಾರದು, ನಕ್ರ ಅಳತಿ ಕೆಡ್ತದ.”

ನೆಟ್ಟಗೆ ನೋಡಿದೆ. ಕ್ಯಾಮೆರಾದ ಹಿಂದೆ ನನ್ನ ಗಂಡ ಇಲಿಯ ಹಾಗೆ ಮೂಗು ಕೆರೆದುಕೊಳ್ಳುತ್ತ ನಿಂತಿದ್ದರು. ಆ ಫೋಟೊವನ್ನು ನಾಲ್ಕು ಸಲ ತೆಗೆಯಬೇಕಾಯಿತು.